ಡ್ರಾಯಿಂಗ್ ಮುಗಿಯೋ ಮೊದಲೇ ಕರೀರಿ: ಥಾಮಸ್ ಟೆಲ್ಫೋರ್ಡ್

ಟೆಲ್ಫೋರ್ಡ್ ರಸ್ತೆಯ ಕ್ರಾಸ್ ಸೆಕ್ಷನ್ ಬಿಡಿಸಿ ಮಾರ್ಕ್ಸ್ ತಗೊಂಡು ನಾವೆಲ್ಲ ಮರೆತುಬಿಡ್ತೀವಿ. ಆ ಮನುಷ್ಯ ಯಾರು ಅಂತ ಯಾರೂ ಕೇಳಲ್ಲ.

ಥಾಮಸ್ ಟೆಲ್ಫೋರ್ಡ್ 1757ರಲ್ಲಿ ಸ್ಕಾಟ್ಲೆಂಡಿನ ಕುರಿಗಾಹಿಯೊಬ್ಬನ ಮಗನಾಗಿ ಹುಟ್ಟಿದ. ಕೆಲವೇ ತಿಂಗಳಲ್ಲಿ ಅಪ್ಪ ತೀರಿಕೊಂಡ. ಕಾಲೇಜು ಕಂಡವನಲ್ಲ, ಕಲ್ಲು ಕಟೆಯೋದು ಕಲಿತವನು. ಲಂಡನ್ನಿನ ಸಾಮರ್ಸೆಟ್ ಹೌಸ್ ಕಟ್ಟುವಾಗ ಅಲ್ಲಿ ಕಲ್ಲುಕೆಲಸ ಮಾಡಿದ. ಮುಂದೆ ಶ್ರಾಪ್‌ಶೈರ್ ಕೌಂಟಿಯ ಸರ್ವೇಯರ್ ಆದ. ಕವಿತೆಯನ್ನೂ ಬರೀತಿದ್ದ. ನಮ್ಮ ಕನ್ನಡ ಸಂಘಕ್ಕೆ ಹೇಳಿಮಾಡಿಸಿದ ಸದಸ್ಯ!

1803ರಿಂದ ಸ್ಕಾಟ್ಲೆಂಡಿನ ಗುಡ್ಡಗಾಡಿನಲ್ಲಿ 900 ಮೈಲಿಗೂ ಹೆಚ್ಚು ರಸ್ತೆ, ಸಾವಿರಕ್ಕೂ ಹೆಚ್ಚು ಸೇತುವೆ ಮಾಡಿಸಿದ. ಅಲ್ಲಿ ಕಡಿಮೆ ರೇಟಿಗೆ ಕೆಲಸ ಹಿಡಿದ ಗುತ್ತಿಗೆದಾರರು ನಡುವೆಯೇ ದಿವಾಳಿಯಾದದ್ದನ್ನ ಕಣ್ಣಾರೆ ಕಂಡ. ದೊಡ್ಡ ಕೆಲಸಗಳಿಗೆ ಆತ ನಂಬಿದ್ದು ಗೊತ್ತಿದ್ದ ಕೈಗಳನ್ನ. ಪಾಂಟ್‌ಕಸಿಲ್ಟೆ ಮೇಲ್ಗಾಲುವೆಯಲ್ಲಿ ಕಲ್ಲಿನ ಕೆಲಸ ಮಾಡಿದ ಜಾನ್ ವಿಲ್ಸನ್, ಕಬ್ಬಿಣ ಕೊಟ್ಟ ವಿಲಿಯಂ ಹೇಜಲ್‌ಡೀನ್ ಇಬ್ಬರೂ ಮುಂದೆ ಮೆನಾಯ್ ತೂಗುಸೇತುವೆಗೂ ಬಂದರು. ಅದರ ಸರಪಳಿಯ ಒಂದೊಂದು ಕಬ್ಬಿಣದ ಪಟ್ಟಿಯನ್ನೂ ಹೇಜಲ್‌ಡೀನನ ಕಾರ್ಖಾನೆಯಲ್ಲೇ ಎಳೆದು ಪರೀಕ್ಷೆ ಮಾಡಿದರು. ಮಾಡುವವರ ಅನುಭವ ಒಂದು ಕೆಲಸದಿಂದ ಮುಂದಿನ ಕೆಲಸಕ್ಕೆ ಹರಿದುಬಂತು.

ನಮ್ಮ ಕಡೆ ಇದು ಯಾಕೆ ಬೇಕು ಅಂದ್ರೆ, ನರಗುಂದ, ರೋಣ ದಾಟಿ ಗಜೇಂದ್ರಗಡದ ಗುಡ್ಡ ಕಾಣೋತನಕ ಬಹುಪಾಲು ಎರೆ ನೆಲ. ಮಳೆಗೆ ಉಬ್ಬತೈತಿ, ಬಿಸಿಲಿಗೆ ಬಿರೀತೈತಿ. ಕೆಳಗೆ ನೀರು ಇಳಿದರೆ ಮೇಲಿನ ಡಾಂಬರು ಎಷ್ಟು ದಪ್ಪ ಇದ್ರೂ ನಿಲ್ಲಲ್ಲ. ಹಳೇ ರಸ್ತೆ ರಿಪೇರಿಯಲ್ಲಿ ಮೊರಂ ಎಲ್ಲಿಂದ ತರಬೇಕು, ಯಾವ ಹಳ್ಳ ಎಲ್ಲಿ ಉಕ್ಕತೈತಿ, ಜೋಳ ಕಡಲೆ ಸುಗ್ಗಿಯಲ್ಲಿ ಟ್ರ್ಯಾಕ್ಟರ್‌ಗಳನ್ನ ಎತ್ತ ತಿರುಗಿಸಬೇಕು, ಇವೆಲ್ಲ ಕೆಲಸ ಮಾಡಿಸುವವನಿಗೆ ಗೊತ್ತಿರ್ತದೆ. ಆದ್ರೆ ಮಾಮೂಲಿ ಐಟಂ ರೇಟ್ ಟೆಂಡರ್‌ನಲ್ಲಿ ಆತ ಒಳಗೆ ಬರೋ ಹೊತ್ತಿಗೆ ಎಸ್ಟಿಮೇಟ್ ಮುಗಿದಿರ್ತದೆ. ಟೆಲ್ಫೋರ್ಡನ ಹಾಗೆ ಪರಿಚಯದವರಿಗೇ ಕೆಲಸ ಕೊಡೋಕೆ ಈಗ ಬರಲ್ಲ, ಕೊಡಲೂಬಾರದು, ಸಾರ್ವಜನಿಕರ ದುಡ್ಡು. ಎಸ್ಟಿಮೇಟ್‌ಗೆ ಸಹಿ ಬೀಳೋ ಮೊದಲು ನಾಲ್ಕಾರು ಗುತ್ತಿಗೆದಾರರನ್ನ ಬಹಿರಂಗವಾಗಿ ಕರೆದು ಕೇಳೋಕೆ ಏನಡ್ಡಿ? ಸ್ಪರ್ಧೆ ಆಮೇಲೂ ಇರ್ತದೆ.

ಟೆಲ್ಫೋರ್ಡನ ದೊಡ್ಡ ರಿಪೇರಿ ಕೆಲಸ ಲಂಡನ್ – ಹೋಲಿಹೆಡ್ ರಸ್ತೆ, 1815ರಿಂದ. ವೇಲ್ಸ್‌ನ ಬೆಟ್ಟಗಳಲ್ಲಿ ಟಪಾಲು ಗಾಡಿಯ ಕುದುರೆಗಳು ಏದುಸಿರು ಬಿಡುತ್ತಿದ್ದ ಏರುಗಳನ್ನ ಸುಮಾರು 20ಕ್ಕೆ 1ರ ಇಳಿಜಾರಿಗೆ ತಂದ, ಪಕ್ಕದಲ್ಲಿ ಚರಂಡಿ ತೋಡಿಸಿದ. ಅದೇ ರಸ್ತೆಯ ಮೆನಾಯ್ ಸೇತುವೆ 1826ರಲ್ಲಿ ತೆರೆಯಿತು. ಅಷ್ಟೊತ್ತಿಗೆ ಆತ ಲಂಡನ್ನಿನ ಸಿವಿಲ್ ಇಂಜಿನಿಯರುಗಳ ಸಂಸ್ಥೆಯ ಮೊದಲ ಅಧ್ಯಕ್ಷ. 1834ರಲ್ಲಿ ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಹೂಳಿದರು. ಉಯಿಲಿನಲ್ಲಿ ಕವಿಮಿತ್ರ ಸದಿಗೂ ಒಂದಿಷ್ಟು ದುಡ್ಡು ಬರೆದಿಟ್ಟಿದ್ದ.