ಮದ್ದಿನ ಮಿತಿ ಅಳೆದ ಡಾ. ವಿದರಿಂಗ್

ಮದ್ದಿನ ಗುಟ್ಟು ಹೊರಗೆ ಹೇಳಿದರೆ ಅದು ಫಲಿಸದೆಂಬ ನಂಬಿಕೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯವರಿಗೆ ಹೊಸತಲ್ಲ. ಇಂಗ್ಲೆಂಡಿನ ಶ್ರಾಪ್‌ಶೈರ್‌ನ ವೃದ್ಧೆಯೊಬ್ಬರೂ ಮೈಯಲ್ಲಿ ನೀರು ತುಂಬಿ ಬಾತುಕೊಳ್ಳುವ ಕಾಯಿಲೆಗೆ ಮನೆತನದ ಮದ್ದೊಂದನ್ನು ಹೀಗೆಯೇ ಗುಟ್ಟಾಗಿ ಕಾಪಾಡಿಕೊಂಡಿದ್ದರು. ಆ ಗುಟ್ಟನ್ನು ಒಡೆದು ಲೋಕಕ್ಕೆ ತಿಳಿಸಿದವರು ಡಾ. ವಿಲಿಯಂ ವಿದರಿಂಗ್. ತಾಳ ತಪ್ಪಿದ ಎದೆಬಡಿತಕ್ಕೆ ಇಂದಿಗೂ ಬಳಕೆಯಲ್ಲಿರುವ ಡಿಗಾಕ್ಸಿನ್ ಮಾತ್ರೆಯ ಕಥೆ ಅಲ್ಲಿಂದ ಆರಂಭವಾಗುತ್ತದೆ.

1741ರಲ್ಲಿ ವೆಲಿಂಗ್ಟನ್ ಎಂಬ ಪಟ್ಟಣದಲ್ಲಿ ಜನಿಸಿದ ವಿದರಿಂಗ್, 1766ರಲ್ಲಿ ಎಡಿನ್‌ಬರೋದಲ್ಲಿ ವೈದ್ಯ ಪದವಿ ಪಡೆದರು. ಸಸ್ಯಶಾಸ್ತ್ರವೆಂದರೆ ಅವರಿಗೆ ಮೊದಮೊದಲು ಬೇಸರವಂತೆ. ಹೂಗಳ ಚಿತ್ರ ಬಿಡಿಸುತ್ತಿದ್ದ ಹೆಲೆನಾ ಕುಕ್ಸ್ ಅವರನ್ನು ಮೆಚ್ಚಿ 1772ರಲ್ಲಿ ವರಿಸಿದ ಮೇಲೆ ಗಿಡಗಳ ನಂಟು ಗಟ್ಟಿಯಾಯಿತು. 1776ರಲ್ಲಿ ಬ್ರಿಟನ್ನಿನ ಸಸ್ಯಗಳ ಕುರಿತು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು.

ವೃದ್ಧೆಯ ಮದ್ದಿನ ಬಗ್ಗೆ ಅವರ ಅಭಿಪ್ರಾಯ ಕೇಳಿದ್ದು 1775ರಲ್ಲಿ. ಅದರಲ್ಲಿ 20ಕ್ಕೂ ಮಿಕ್ಕಿ ಸೊಪ್ಪುಗಳಿದ್ದರೂ ಕೆಲಸ ಮಾಡುತ್ತಿದ್ದುದು ಗಂಟೆಯಾಕಾರದ ನೇರಳೆ ಹೂ ಬಿಡುವ ಫಾಕ್ಸ್‌ಗ್ಲೋವ್ ಒಂದೇ ಎಂಬುದನ್ನು ಅವರು ಬೇಗನೆ ಗುರುತಿಸಿದರು. ಗುರುತಿಸುವುದು ಸುಲಭ, ಅಳತೆ ಕಂಡುಕೊಳ್ಳುವುದು ಕಷ್ಟ. ಆ ಎಲೆ ಔಷಧಿಯೂ ಹೌದು, ವಿಷವೂ ಹೌದು. ಹೂ ಅರಳುವ ಹೊತ್ತಿಗೆ ಎಲೆ ಕೊಯ್ದು, ಒಣಗಿಸಿ, ಪುಡಿ ಮಾಡಿ, ಹತ್ತು ವರ್ಷಗಳ ಕಾಲ ರೋಗಿಗಳ ಮೇಲೆ ಅದರ ಪರಿಣಾಮವನ್ನು ಬರೆದಿಟ್ಟರು. ಆರಂಭದಲ್ಲಿ ಕೊಟ್ಟ ಪ್ರಮಾಣ ಅತಿಯಾಗಿತ್ತೆಂಬುದನ್ನೂ ಮುಚ್ಚಿಡಲಿಲ್ಲ. 1785ರ ಅವರ ಪುಸ್ತಕದಲ್ಲಿ ಸುಮಾರು 160 ರೋಗಿಗಳ ವಿವರವಿದೆ. ಗುಣವಾಗದವರ ವಿವರವೂ ಅದರಲ್ಲಿ ಸೇರಿದೆ. ಇಂದಿನ ಜಾಹೀರಾತು ವೈದ್ಯರು ಓದಬೇಕಾದ ಪುಸ್ತಕವದು.

ವಾಂತಿ, ಭೇದಿ, ತಲೆಸುತ್ತು, ಕಣ್ಣಿಗೆ ಎಲ್ಲವೂ ಹಳದಿ ಅಥವಾ ಹಸಿರಾಗಿ ಕಾಣುವುದು, ನಾಡಿ ನಿಮಿಷಕ್ಕೆ 35ಕ್ಕೆ ಇಳಿಯುವುದು, ಕೊನೆಗೆ ಸಾವು. ಮದ್ದು ಮಿತಿ ಮೀರಿದರೆ ಆಗುವುದನ್ನು ಅವರು ಹೀಗೆ ದಾಖಲಿಸಿದರು. ಮೂತ್ರ ಹರಿಯತೊಡಗಿದರೆ, ವಾಕರಿಕೆ ಬಂದರೆ, ನಾಡಿ ನಿಧಾನವಾದರೆ ಅಥವಾ ಭೇದಿಯಾದರೆ ಮದ್ದನ್ನು ಅಲ್ಲಿಗೇ ನಿಲ್ಲಿಸಬೇಕೆಂಬುದು ಅವರ ಕಟ್ಟಪ್ಪಣೆಯಾಗಿತ್ತು.

ಆದರೆ ಸ್ವತಃ ಎದೆಯ ಕಾಯಿಲೆಯಿಂದ ನರಳಿದ ವಿದರಿಂಗ್ ಅವರಿಗೆ ಮದ್ದು ಸಿಗಲಿಲ್ಲ. ಚಳಿ ತಾಳಲಾರದೆ ಎರಡು ಚಳಿಗಾಲಗಳನ್ನು ಪೋರ್ಚುಗಲ್ಲಿನಲ್ಲಿ ಕಳೆದರು. 1799ರ ಅಕ್ಟೋಬರ್ 6ರಂದು ಬರ್ಮಿಂಗ್‌ಹ್ಯಾಂನಲ್ಲಿ ನಿಧನ ಹೊಂದಿದರು.

ಆ ಎಲೆಗೆ ಹೃದಯದ ಮೇಲೆ ಹತೋಟಿಯಿದೆಯೆಂದು ಅವರು ಗಮನಿಸಿದ್ದರು. ಆದರೆ ಏಟ್ರಿಯಲ್ ಫಿಬ್ರಿಲೇಶನ್ ಎಂದು ಈಗ ಕರೆಯುವ ಅಡ್ಡಾದಿಡ್ಡಿ ಬಡಿತದಲ್ಲಿ ಅದರ ಉಪಯೋಗವನ್ನು ಸ್ಪಷ್ಟಪಡಿಸಿದವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಡಾ. ಜೇಮ್ಸ್ ಮೆಕೆಂಝಿ. 1930ರಲ್ಲಿ ಸಿಡ್ನಿ ಸ್ಮಿತ್ ಅದೇ ಕುಲದ ಇನ್ನೊಂದು ಗಿಡದಿಂದ ಡಿಗಾಕ್ಸಿನ್ ಬೇರ್ಪಡಿಸಿದರು. ಅದು ತಾಳವನ್ನು ಸರಿಪಡಿಸದು, ಓಟವನ್ನು ತಗ್ಗಿಸುತ್ತದೆ ಅಷ್ಟೆ. ಈಗ ವೈದ್ಯರು ಸಾಮಾನ್ಯವಾಗಿ ಬೇರೆ ಮಾತ್ರೆಗಳಿಂದಲೇ ಆರಂಭಿಸುತ್ತಾರೆ. ಡಿಗಾಕ್ಸಿನ್ ಕೊಡುವುದಾದರೆ ವಯಸ್ಸು, ಮೂತ್ರಪಿಂಡದ ಸ್ಥಿತಿ, ರಕ್ತದ ಪೊಟ್ಯಾಸಿಯಂ ನೋಡಿ ಪ್ರಮಾಣ ನಿಗದಿಪಡಿಸುತ್ತಾರೆ. ಹಸಿವೆ ಕುಗ್ಗುವುದು, ವಾಕರಿಕೆ, ಹಳದಿ ನೋಟ ಇಂದಿಗೂ ಅದೇ ಎಚ್ಚರಿಕೆಯ ಗುರುತುಗಳು.

ನಮ್ಮ ಕರಾವಳಿಯ ಹಿತ್ತಿಲುಗಳಲ್ಲಿ ಪೂಜೆಗೆಂದು ಬೆಳೆಸುವ ಕಣಗಿಲೆಯಲ್ಲೂ ಇದೇ ಜಾತಿಯ ವಿಷಾಂಶವಿದೆ. ಅದನ್ನು ಅರೆದು ಕುಡಿದವರ ಎದೆಬಡಿತ ನಿಂತೇ ಹೋಗಬಹುದು.