ಒಂದು ಮಾತೂ ಇಲ್ಲದ ಟ್ಯೂನ್‌ಗೆ ರೇಡಿಯೊದಲ್ಲಿ ನಿಷೇಧ! ಪೆನ್ಸಿಲ್‌ನಿಂದ ಸ್ಪೀಕರ್ ತೂತು ಮಾಡಿ ರಾಕ್ ಸಂಗೀತದ ದಿಕ್ಕು ಬದಲಿಸಿದ ಲಿಂಕ್ ರೇ

ಹಾಡಿನ ಸಾಲು ಸರಿಯಿಲ್ಲ, ಅರ್ಥ ಕೆಟ್ಟದ್ದು ಅಂತ ನಿಷೇಧ ಹಾಕೋದು ಹೊಸದೇನಲ್ಲ. ಆದರೆ ಸಾಲೇ ಇಲ್ಲದ, ಬರೀ ಗಿಟಾರ್ ನುಡಿಸಿದ ಟ್ಯೂನ್‌ಗೆ ನಿಷೇಧ ಬಿದ್ದಿದ್ದು ಕೇಳಿದ್ದೀರಾ? 1958ರಲ್ಲಿ ಅಮೆರಿಕದಲ್ಲಿ ಹಾಗೇ ಆಯಿತು. ಆ ಟ್ಯೂನ್‌ನ ಹೆಸರು ‘ರಂಬಲ್’. ಅವಧಿ ಎರಡೂವರೆ ನಿಮಿಷವೂ ಇಲ್ಲ. ಅದನ್ನು ಕೇಳಿದರೆ ಹುಡುಗರು ಬೀದಿ ಜಗಳಕ್ಕೆ ಇಳೀತಾರೆ ಅಂತ ಹಲವು ರೇಡಿಯೊ ಕೇಂದ್ರಗಳು ಹೆದರಿದವು.

ಅದನ್ನು ನುಡಿಸಿದವರು ಲಿಂಕ್ ರೇ. ಬಡತನದಲ್ಲಿ ಹುಟ್ಟಿ, ಕ್ಷಯ ರೋಗಕ್ಕೆ ಒಂದು ಶ್ವಾಸಕೋಶ ಕಳೆದುಕೊಂಡು, ಕೋಳಿ ಗೂಡಿನಲ್ಲಿ ರೆಕಾರ್ಡಿಂಗ್ ಮಾಡಿಕೊಂಡು ಬದುಕಿದ ಮನುಷ್ಯ. ಇವತ್ತು ನಮ್ಮ ಹುಡುಗರು ಕೇಳುವ ರಾಕ್, ಮೆಟಲ್ ಸಂಗೀತದಲ್ಲಿ ಗಿಟಾರ್ ಗೊರಗೊರ ಅಂತ ಗರ್ಜಿಸುತ್ತದಲ್ಲ, ಆ ಸದ್ದಿನ ಮೂಲ ಹುಡುಕುತ್ತಾ ಹೋದರೆ ಇವರ ಹತ್ತಿರ ಬಂದು ನಿಲ್ಲಬೇಕು.

ದೀಪ ಆರಿಸಿ ಅಡಗುತ್ತಿದ್ದ ಮನೆ

ಲಿಂಕ್ ರೇ ಹುಟ್ಟಿದ್ದು 1929ರ ಮೇ 2ರಂದು, ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಡನ್ ಎಂಬ ಸಣ್ಣ ಊರಿನಲ್ಲಿ. ಪೂರ್ತಿ ಹೆಸರು ಫ್ರೆಡ್ ಲಿಂಕನ್ ರೇ ಜೂನಿಯರ್. ಅಣ್ಣ ವರ್ನನ್, ತಮ್ಮ ಡಗ್. ತಂದೆ ತಾಯಿ ಇಬ್ಬರೂ ಬೀದಿಯಲ್ಲಿ ನಿಂತು ಕ್ರೈಸ್ತ ಧರ್ಮ ಬೋಧನೆ ಮಾಡುತ್ತಿದ್ದವರು. ಓದು ಬರಹ ಅಷ್ಟಕ್ಕಷ್ಟೆ. ಕೈಯಲ್ಲಿ ಕಾಸಿಲ್ಲ.

ತಮ್ಮ ಕುಟುಂಬದ್ದು ಶಾನಿ ಎಂಬ ಅಮೆರಿಕದ ಮೂಲನಿವಾಸಿ ಬುಡಕಟ್ಟಿನ ರಕ್ತ ಅಂತ ರೇ ಕೊನೆವರೆಗೂ ಹೇಳುತ್ತಿದ್ದರು. ಆ ಕಾಲದಲ್ಲಿ ಅಲ್ಲಿ ಕಪ್ಪು ಜನರಿಗೂ ಮೂಲನಿವಾಸಿಗಳಿಗೂ ಕೂ ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಗುಂಪಿನ ಕಾಟ. ರಾತ್ರಿ ಆ ಗುಂಪು ಬರುವ ಸುಳಿವು ಸಿಕ್ಕರೆ ತಾಯಿ ಮಕ್ಕಳನ್ನು ಅಡಗಿಸಿ, ದೀಪ ಆರಿಸಿ ಕೂರಬೇಕಾಗಿತ್ತು ಎಂದು ರೇ ಮುಂದೆ ನೆನಪಿಸಿಕೊಂಡಿದ್ದಾರೆ. ಹೆಸರು ಮಾಡಿದ ಮೇಲೆ ಅವರು ತಮ್ಮ ಟ್ಯೂನ್‌ಗೆ ‘ಕೋಮಾಂಚೆ’ ಅಂತ ಬುಡಕಟ್ಟಿನ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಯಾವುದನ್ನು ಮುಚ್ಚಿಟ್ಟು ಬದುಕಬೇಕಾಗಿತ್ತೋ ಅದನ್ನೇ ರೆಕಾರ್ಡ್ ಮೇಲೆ ಅಚ್ಚು ಹಾಕಿಸಿದರು.

ಗಿಟಾರ್ ಕಲಿತಿದ್ದು ಯಾವ ಶಾಲೆಯಲ್ಲೂ ಅಲ್ಲ. ಎಂಟು ವರ್ಷದ ಹುಡುಗನಾಗಿದ್ದಾಗ ಮನೆ ಮುಂದೆ ಗಿಟಾರ್ ಹಿಡಿದು ಕೂತಿದ್ದ. ಸರ್ಕಸ್ ಕಂಪನಿ ಜತೆ ಊರಿಗೆ ಬಂದಿದ್ದ ಹ್ಯಾಂಬೋನ್ ಎಂಬ ಕಪ್ಪು ಕಲಾವಿದ ಅದನ್ನು ಕಂಡು, ಹೇಗೆ ಶ್ರುತಿ ಮಾಡಬೇಕು, ತಂತಿಯ ಮೇಲೆ ಬಾಟಲಿಯ ಕತ್ತನ್ನು ಜಾರಿಸಿ ಸ್ವರ ಎಳೆಯೋದು ಹೇಗೆ ಅಂತ ತೋರಿಸಿಕೊಟ್ಟ. ರೇ ತಮ್ಮ ಗುರು ಅಂತ ಹೇಳಿಕೊಂಡಿದ್ದು ಆ ಮನುಷ್ಯನನ್ನೇ.

ಎರಡನೇ ಮಹಾಯುದ್ಧದ ಸಮಯದಲ್ಲಿ ಹಡಗುಕಟ್ಟೆಯ ಕೆಲಸ ಹುಡುಕಿಕೊಂಡು ಕುಟುಂಬ ವರ್ಜೀನಿಯಾದ ಪೋರ್ಟ್ಸ್‌ಮತ್‌ಗೆ ಬಂತು. ಅಲ್ಲಿ ಮೂವರೂ ಅಣ್ಣತಮ್ಮಂದಿರು ಸೇರಿ ಬ್ಯಾಂಡ್ ಕಟ್ಟಿದರು. ವರ್ನನ್ ಹಾಡು, ಲಿಂಕ್ ಗಿಟಾರ್, ಡಗ್ ಡ್ರಮ್ಸ್.

ಶ್ವಾಸಕೋಶ ಹೋಯ್ತು, ಗಿಟಾರ್ ಉಳೀತು

ಕೊರಿಯಾ ಯುದ್ಧದ ಕಾಲದಲ್ಲಿ ರೇ ಅಮೆರಿಕದ ಸೇನೆಯಲ್ಲಿದ್ದರು. ಅಲ್ಲೇ ಕ್ಷಯ ತಗುಲಿಕೊಂಡಿತು. ವಾಪಸ್ ಬಂದು ಬ್ಯಾಂಡ್ ಜತೆ ಓಡಾಡುತ್ತಿದ್ದಾಗ ಕಾಯಿಲೆ ಜೋರಾಯಿತು. ಆಸ್ಪತ್ರೆ ವಾಸವೇ ಸುಮಾರು ಒಂದು ವರ್ಷ. ಒಂದು ಶ್ವಾಸಕೋಶ ತೆಗೆಯಬೇಕಾಯಿತು. ಇನ್ನು ಹಾಡೋದು ಮರೆತುಬಿಡು ಅಂತ ವೈದ್ಯರು ಹೇಳಿಬಿಟ್ಟರು.

ಇಪ್ಪತ್ತೇಳು, ಇಪ್ಪತ್ತೆಂಟರ ವಯಸ್ಸು. ಸಂಗೀತ ಬಿಟ್ಟರೆ ಬೇರೆ ಕಸುಬಿಲ್ಲ. ಗಂಟಲಿನಲ್ಲಿ ಹಾಡಲು ಉಸಿರು ಸಾಲದು. ಹಾಗಾಗಿ ಹೇಳಬೇಕಾದ್ದನ್ನೆಲ್ಲ ಬೆರಳಿನಲ್ಲಿ ಹೇಳುವ ದಾರಿ ಹಿಡಿದರು. ಹಾಡುಗಾರನಿಲ್ಲದೆ ಗಿಟಾರ್ ಒಂದೇ ಇಡೀ ಟ್ಯೂನನ್ನು ಹೊತ್ತು ನಡೆಸುವ ಇವರ ಶೈಲಿ ಗಟ್ಟಿಯಾಗಿದ್ದು ಆಮೇಲೆ.

ಗೊತ್ತಿಲ್ಲದ ಹಾಡು ಕೇಳಿದಾಗ ಹುಟ್ಟಿದ ಟ್ಯೂನ್

1958ರಲ್ಲಿ ವರ್ಜೀನಿಯಾದ ಫ್ರೆಡರಿಕ್ಸ್‌ಬರ್ಗ್ ಪಟ್ಟಣದಲ್ಲಿ ಹರೆಯದವರಿಗಾಗಿ ಒಂದು ನೃತ್ಯ ಕಾರ್ಯಕ್ರಮ. ನಡೆಸಿಕೊಡುತ್ತಿದ್ದವರು ವಾಷಿಂಗ್ಟನ್ ಕಡೆ ಹೆಸರಾಗಿದ್ದ ನಿರೂಪಕ ಮಿಲ್ಟ್ ಗ್ರಾಂಟ್. ಆಗ ‘ದಿ ಸ್ಟ್ರೋಲ್’ ಎಂಬ ಕುಣಿತದ ಹಾಡು ಎಲ್ಲ ಕಡೆ ಓಡುತ್ತಿತ್ತು. ಅದನ್ನೇ ನುಡಿಸಿ ಅಂತ ಬೇಡಿಕೆ ಬಂತು. ರೇ ಬ್ಯಾಂಡ್‌ಗೆ ಅದು ಬರುತ್ತಿರಲಿಲ್ಲ.

ಬರಲ್ಲ ಅಂತ ಹೇಳಿ ಕೈ ಕಟ್ಟಿ ನಿಲ್ಲಲಿಲ್ಲ. ಡಗ್ ಆ ಕುಣಿತಕ್ಕೆ ಹೊಂದುವ ತಾಳ ಹಿಡಿದ. ಲಿಂಕ್ ರೇ ಅವಸರವಿಲ್ಲದೆ, ಭಾರವಾಗಿ, ತಂತಿಗಳನ್ನು ಒಟ್ಟಿಗೆ ಬಡಿಯುತ್ತಾ ಹೋದರು. ವರ್ನನ್ ಹಾಡುವ ಮೈಕನ್ನೇ ತಂದು ಗಿಟಾರ್‌ನ ಆಂಪ್ಲಿಫೈಯರ್ ಮುಂದೆ ಇಟ್ಟರು. ಆ ಸಣ್ಣ ಪೆಟ್ಟಿಗೆ ಅಷ್ಟು ಸದ್ದು ತಡೆಯಲಾರದೆ ಒಡೆದ ದನಿಯಲ್ಲಿ ಗುಡುಗಿತು. ಹುಡುಗ ಹುಡುಗಿಯರು ಕಿರುಚಾಡಿ, ಅದನ್ನೇ ಮತ್ತೆ ಮತ್ತೆ ನುಡಿಸಲು ಹಠ ಹಿಡಿದರು.

ಚೆನ್ನಾಗಿದ್ದ ಸ್ಪೀಕರ್‌ಗೆ ಪೆನ್ಸಿಲ್ ಚುಚ್ಚಿದ್ದೇಕೆ?

ಇದನ್ನು ರೆಕಾರ್ಡ್ ಮಾಡೋಣ ಅಂತ ಸ್ಟುಡಿಯೊಗೆ ಹೋದರೆ ಹೊಸ ತಲೆನೋವು. ಸ್ಟುಡಿಯೊದಲ್ಲಿ ಸದ್ದು ತುಂಬಾ ನಯ. ಆ ರಾತ್ರಿಯ ಒರಟುತನ ಬರುತ್ತಲೇ ಇಲ್ಲ. ರೇ ಒಂದು ಪೆನ್ಸಿಲ್ ತೆಗೆದುಕೊಂಡು ಆಂಪ್ಲಿಫೈಯರ್‌ನ ಸ್ಪೀಕರ್ ಕಾಗದಕ್ಕೆ ತೂತು ಹೊಡೆದರು.

ಮದುವೆ ಮನೆ, ಜಾತ್ರೆಯ ಮೈಕ್‌ಸೆಟ್‌ನಲ್ಲಿ ಸ್ಪೀಕರ್ ಹರಿದರೆ ಬರುವ ಗೊರಗೊರ ಸದ್ದು ಎಲ್ಲರಿಗೂ ಗೊತ್ತು. ಸ್ಪೀಕರ್‌ನ ಕಾಗದದ ಕೋನ್ ಹಿಂದೆ ಮುಂದೆ ಅದುರಿ ಗಾಳಿಯನ್ನು ತಳ್ಳುತ್ತದೆ. ಅದು ಹರಿದಿದ್ದರೆ ಅಂಚುಗಳು ತಮ್ಮಷ್ಟಕ್ಕೆ ಪಟಪಟಿಸಿ ಮೂಲ ಸ್ವರದ ಜತೆ ಇನ್ನೊಂದಿಷ್ಟು ಕರಕರ ಸೇರಿಸುತ್ತವೆ. ಮೈಕ್‌ಸೆಟ್‌ನವರು ಅದನ್ನು ಕೆಟ್ಟಿದೆ ಅಂತ ಬಿಚ್ಚಿ ರಿಪೇರಿಗೆ ಕೊಡ್ತಾರೆ. ರೇ ಅವರಿಗೆ ಬೇಕಾಗಿದ್ದೇ ಅದು. ಮುಂದೆ ಇದೇ ಸದ್ದು ಕೊಡೋಕೆ ಅಂತಲೇ ‘ಡಿಸ್ಟಾರ್ಷನ್’, ‘ಫಝ್’ ಎಂಬ ಕಾಲಿನಲ್ಲಿ ಒತ್ತುವ ಪೆಟ್ಟಿಗೆಗಳು ಅಂಗಡಿಗೆ ಬಂದವು. 1958ರಲ್ಲಿ ಅಂಥದ್ದೇನೂ ಮಾರಾಟಕ್ಕಿರಲಿಲ್ಲ. ರೇಗಿಂತ ಮೊದಲೂ ಕೆಲವರ ರೆಕಾರ್ಡ್‌ನಲ್ಲಿ ಕೆಟ್ಟ ಆಂಪ್ಲಿಫೈಯರ್ ಸದ್ದು ಕೇಳುತ್ತದೆ. ಆದರೆ ಆ ಸದ್ದನ್ನೇ ಟ್ಯೂನ್‌ನ ಜೀವಾಳ ಮಾಡಿದ್ದು ‘ರಂಬಲ್’.

ಷಡ್ಜ, ಪಂಚಮ ಎರಡನ್ನೇ ಒಟ್ಟಿಗೆ ಬಲವಾಗಿ ಬಾರಿಸುವ ‘ಪವರ್ ಕಾರ್ಡ್’ ಎಂಬ ಕ್ರಮವನ್ನು ರಾಕ್ ಗಿಟಾರ್‌ನಲ್ಲಿ ಜನಪ್ರಿಯ ಮಾಡಿದ ಶ್ರೇಯಸ್ಸನ್ನೂ ಹಲವರು ರೇ ಅವರಿಗೇ ಕೊಡ್ತಾರೆ.

ಮಾಲೀಕರಿಗೆ ಹಿಡಿಸಲಿಲ್ಲ, ಮಲಮಗಳಿಗೆ ಹಿಡಿಸಿತು

ಕೇಡೆನ್ಸ್ ರೆಕಾರ್ಡ್ಸ್ ಕಂಪನಿಯ ಮಾಲೀಕ ಆರ್ಚಿ ಬ್ಲೇಯರ್ ಅವರಿಗೆ ಈ ಟ್ಯೂನ್ ಒಂಚೂರೂ ಇಷ್ಟವಾಗಲಿಲ್ಲ. ಆದರೆ ಅವರ ಮಲಮಗಳು ಮೆಚ್ಚಿದ್ದರಿಂದ ರೆಕಾರ್ಡ್ ಹೊರಬಂತು. ರಂಬಲ್ ಅಂದರೆ ಅಲ್ಲಿನ ಬೀದಿ ಭಾಷೆಯಲ್ಲಿ ಹುಡುಗರ ಗುಂಪುಗಳ ಹೊಡೆದಾಟ. ಈ ಹೆಸರೇ ರೇಡಿಯೊದವರ ನಿದ್ದೆ ಕೆಡಿಸಿತು. ಹರೆಯದವರ ಗುಂಪು ಘರ್ಷಣೆ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿದ್ದ ಕಾಲ ಅದು.

ನಿಷೇಧ ಬಿದ್ದರೂ ರೆಕಾರ್ಡ್ ಓಡಿತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 16ನೇ ಸ್ಥಾನ ತಲುಪಿತು. ಆದರೆ ರಚನಕಾರರ ಜಾಗದಲ್ಲಿ ರೇ ಹೆಸರಿನ ಪಕ್ಕ ಮಿಲ್ಟ್ ಗ್ರಾಂಟ್ ಹೆಸರೂ ಕೂತಿತು. ಟ್ಯೂನ್ ಕಟ್ಟಿದವರ ಪಕ್ಕ ಕಾರ್ಯಕ್ರಮ ನಡೆಸಿದವರ ಹೆಸರೂ ಬರೋದು ಆ ಕಾಲದ ವ್ಯವಹಾರದಲ್ಲಿ ಮಾಮೂಲಾಗಿತ್ತು.

ದೊಡ್ಡ ಕಂಪನಿ ಹೇಳಿದಂತೆ ಕೇಳಲಿಲ್ಲ

ಬಳಿಕ ರೇ ಅವರನ್ನು ಎಪಿಕ್ ಎಂಬ ದೊಡ್ಡ ಕಂಪನಿ ಸೇರಿಸಿಕೊಂಡಿತು. 1959ರಲ್ಲಿ ‘ರಾಹೈಡ್’ ಎಂಬ ಟ್ಯೂನ್ 23ನೇ ಸ್ಥಾನಕ್ಕೆ ಬಂತು. ಆದರೆ ಕಂಪನಿಯವರ ಲೆಕ್ಕವೇ ಬೇರೆ. ಒರಟು ಸದ್ದು ತೆಗೆದು, ಹಿಂದೆ ವಾದ್ಯವೃಂದ ಕೂರಿಸಿ, ಮನೆಮಂದಿ ಎಲ್ಲ ಕೇಳುವ ಹಾಗೆ ‘ಕ್ಲೇರ್ ಡಿ ಲೂನ್’ನಂಥ ಮೃದು ಸಂಗೀತ ನುಡಿಸಿಸಿದರು. ಅದು ಅತ್ತ ಹಳಬರಿಗೂ ಸಲ್ಲಲಿಲ್ಲ, ಇತ್ತ ಹುಡುಗರಿಗೂ ಬೇಕಾಗಲಿಲ್ಲ.

ಅಲ್ಲಿಂದ ಹೊರಬಂದ ಅಣ್ಣತಮ್ಮಂದಿರು ಸ್ವಂತದ್ದೇ ಒಂದು ಲೇಬಲ್ ಮಾಡಿಕೊಂಡರು. ಅದಕ್ಕೆ ಇಟ್ಟ ಹೆಸರು ರಂಬಲ್. 1961ರಲ್ಲಿ ‘ಜಾಕ್ ದಿ ರಿಪ್ಪರ್’ ಎಂಬ ಟ್ಯೂನ್ ತಂದರು. ಅದನ್ನೇ ಸ್ವಾನ್ ಕಂಪನಿ 1963ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಪಟ್ಟಿಯಲ್ಲಿ 64ನೇ ಸ್ಥಾನ ಸಿಕ್ಕಿತು. ಸ್ವಾನ್‌ನವರು ರೇ ಸದ್ದಿಗೆ ಕೈ ಹಾಕಲಿಲ್ಲ. ಮನೆಯಲ್ಲೇ ಏನು ಬೇಕೋ ನುಡಿಸಿ ಕಳಿಸಲು ಬಿಟ್ಟರು.

ಮೇರಿಲ್ಯಾಂಡ್ ರಾಜ್ಯದ ಅಕೋಕೀಕ್‌ನಲ್ಲಿ ಕುಟುಂಬದ ಜಮೀನಿತ್ತು. ಅಲ್ಲಿದ್ದ ಕೋಳಿ ಗೂಡನ್ನೇ ಸ್ಟುಡಿಯೊ ಮಾಡಿಕೊಂಡರು. ‘ಲಿಂಕ್ ರೇ’ ಹೆಸರಿನ 1971ರ ಆಲ್ಬಂ ಹುಟ್ಟಿದ್ದು ಅದೇ ಗೂಡಿನಲ್ಲಿ. ಡ್ರಮ್ಸ್ ಇಲ್ಲದ ಕಡೆ ನೆಲಕ್ಕೆ ಕಾಲು ಬಡಿದು, ಡಬ್ಬಿಯಲ್ಲಿ ಮೊಳೆ ತುಂಬಿ ಅಲ್ಲಾಡಿಸಿ ತಾಳ ಹಾಕಿದರು. ಹಾಡಬೇಡ ಅಂದಿದ್ದ ವೈದ್ಯರ ಮಾತು ಮೀರಿ, ಇದ್ದ ಒಂದೇ ಶ್ವಾಸಕೋಶದಲ್ಲಿ ರೇ ಹಾಡಿದ್ದೂ ಈ ಆಲ್ಬಂನಲ್ಲಿ. ಆಗ ಹೆಚ್ಚು ಮಾರಾಟವಾಗಲಿಲ್ಲ. ಈಗ ಸಂಗೀತ ಬಲ್ಲವರು ಹುಡುಕಿ ಕೇಳುವ ಆಲ್ಬಂ ಅದು.

ಮರೆತ ಊರು, ನೆನೆದ ಹುಡುಗರು

ತವರಿನ ದೊಡ್ಡ ಜನಸಮೂಹ ರೇ ಅವರನ್ನು ಮರೆಯುತ್ತಾ ಬಂತು. ಆದರೆ ಸಮುದ್ರದ ಆಚೆ ಇಂಗ್ಲೆಂಡ್‌ನಲ್ಲಿ ಅವರ ರೆಕಾರ್ಡ್ ಕೇಳಿ ಬೆಳೆದ ಹುಡುಗರು ಅಷ್ಟು ಹೊತ್ತಿಗೆ ದೊಡ್ಡವರಾಗಿದ್ದರು. ‘ದಿ ಹೂ’ ಬ್ಯಾಂಡ್‌ನ ಪೀಟ್ ಟೌನ್ಸೆಂಡ್, ‘ರಂಬಲ್’ ಕೇಳದೇ ಹೋಗಿದ್ದರೆ ತಾವು ಗಿಟಾರ್ ಹಿಡಿಯುತ್ತಲೇ ಇರಲಿಲ್ಲ ಎಂದು ಬರೆದರು. ‘ಲೆಡ್ ಝೆಪ್ಪೆಲಿನ್’ ಬ್ಯಾಂಡ್‌ನ ಜಿಮ್ಮಿ ಪೇಜ್ ಒಂದು ಸಾಕ್ಷ್ಯಚಿತ್ರದಲ್ಲಿ ಆ ಹಳೇ ರೆಕಾರ್ಡ್ ಹಾಕಿ, ಚಿಕ್ಕ ಹುಡುಗನ ಹಾಗೆ ನಗುತ್ತಾ ಗಾಳಿಯಲ್ಲಿ ಗಿಟಾರ್ ಬಾರಿಸಿದ್ದನ್ನು ಈಗಲೂ ನೋಡಬಹುದು.

1977ರಲ್ಲಿ ಗಾಯಕ ರಾಬರ್ಟ್ ಗಾರ್ಡನ್ ಜತೆ ಸೇರಿ ತಂದ ಆಲ್ಬಂ ರೇ ಅವರನ್ನು ಮತ್ತೆ ವೇದಿಕೆಗೆ ತಂದಿತು. 1979ರಲ್ಲಿ ಅಣ್ಣ ವರ್ನನ್ ತೀರಿಕೊಂಡರು. 1980ರ ದಶಕದ ಆರಂಭದಲ್ಲಿ ರೇ ಅಮೆರಿಕ ಬಿಟ್ಟು ಪತ್ನಿಯ ದೇಶವಾದ ಡೆನ್ಮಾರ್ಕ್‌ಗೆ ಹೋಗಿ ನೆಲೆಸಿದರು. 1994ರ ‘ಪಲ್ಪ್ ಫಿಕ್ಷನ್’ ಸಿನಿಮಾದಲ್ಲಿ ‘ರಂಬಲ್’ ಬಳಸಿದಾಗ, ಅದು ಹುಟ್ಟಿದ ಎಷ್ಟೋ ವರ್ಷದ ಮೇಲೆ ಹುಟ್ಟಿದ ಹುಡುಗರು ಇದು ಯಾರದ್ದು ಅಂತ ಕೇಳತೊಡಗಿದರು. ಎಪ್ಪತ್ತು ದಾಟಿದ ಮೇಲೂ ಕಪ್ಪು ಕನ್ನಡಕ, ಚರ್ಮದ ಜಾಕೆಟ್ ಹಾಕಿಕೊಂಡು ಅಮೆರಿಕದಲ್ಲಿ ಊರೂರು ಸುತ್ತಿ ನುಡಿಸಿದರು.

2005ರ ನವೆಂಬರ್ 5ರಂದು ಕೋಪನ್‌ಹೇಗನ್‌ನಲ್ಲಿ ಹೃದಯ ವೈಫಲ್ಯದಿಂದ ಲಿಂಕ್ ರೇ ತೀರಿಕೊಂಡರು. ವಯಸ್ಸು 76. ಅವರ ಸಮಾಧಿಯೂ ಅದೇ ಊರಿನ ಚರ್ಚ್ ಒಂದರಲ್ಲಿದೆ. ಅದೇ ತಿಂಗಳು ಲಂಡನ್‌ನ ತಮ್ಮ ಕಾರ್ಯಕ್ರಮದಲ್ಲಿ ಬಾಬ್ ಡಿಲನ್ ‘ರಂಬಲ್’ ನುಡಿಸಿ ಗೌರವ ಸಲ್ಲಿಸಿದರು.

ಮರ್ಯಾದೆ ಬಂದಿದ್ದು ತಡವಾಗಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಕಾಪಾಡಿ ಇಡಬೇಕಾದ ಧ್ವನಿಮುದ್ರಣಗಳ 2008ರ ಪಟ್ಟಿಗೆ ‘ರಂಬಲ್’ ಸೇರಿಸಿತು. ರಾಕ್ ಸಂಗೀತಗಾರರ ದೊಡ್ಡ ಗೌರವವಾದ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ 2018ರಲ್ಲಿ ಮೊದಲು ಆ ಟ್ಯೂನನ್ನು ಒಳಗೆ ಕರೆದುಕೊಂಡಿತು. ಕಲಾವಿದನನ್ನು ಕರೆಯಲು 2023ರವರೆಗೆ ಕಾಯಬೇಕಾಯಿತು. ಆ ಸಮಾರಂಭದಲ್ಲಿ ವೇದಿಕೆ ಹತ್ತಿ ‘ರಂಬಲ್’ ನುಡಿಸಿದವರು, ಆಗ 79 ವರ್ಷದ ಜಿಮ್ಮಿ ಪೇಜ್.

ಇಷ್ಟು ಓದಿದ ಮೇಲೆ ಒಮ್ಮೆ ಮೊಬೈಲ್‌ನಲ್ಲಿ ‘ರಂಬಲ್’ ಹುಡುಕಿ ಕೇಳಿ. ಗಿರಾಕಿ ಇಲ್ಲದ ಮಧ್ಯಾಹ್ನ ಅಂಗಡಿಯಲ್ಲಿ ಕೂತೇ ಮುಗಿಸಬಹುದು. ಕೊನೆಗೆ ಬರುತ್ತಾ ಬರುತ್ತಾ ಗಿಟಾರ್ ಅದುರುತ್ತಾ ಒಡೆಯುತ್ತದೆ. ನಿಮ್ಮ ಮೊಬೈಲ್ ಸ್ಪೀಕರ್ ಕೆಟ್ಟಿಲ್ಲ, ಅದು ಇರೋದೇ ಹಾಗೆ.