ಪ್ಲೇಗಿನ ಮದ್ದನ್ನು ಸಿದ್ಧಮಾಡಿದ ಹಾಫ್ಕಿನ್ ಸಾಹೇಬರು

1898ನೇ ಇಸವಿಯಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಪ್ಲೇಗು ಬೇನೆಯು ಉಗ್ರವಾಗಿ ಹಬ್ಬಿತು. ಆಗ ಊರಿನಲ್ಲಿ ಸುಮಾರು 50 ಸಾವಿರ ಜನರಿದ್ದರು. ಮೊದಲು ಇಲಿಗಳು ಸತ್ತು ಬೀಳುವವು. ಬಳಿಕ ಮನುಷ್ಯರಿಗೆ ಜ್ವರ ಬಂದು, ತೊಡೆಯ ಸಂದಿಯಲ್ಲಾಗಲಿ ಕಂಕುಳಲ್ಲಾಗಲಿ ಗಡ್ಡೆಯೆದ್ದು, ಕೆಲವೇ ದಿವಸಗಳಲ್ಲಿ ಪ್ರಾಣ ಹೋಗುವದು. ಆ ಸಂಕಟದಲ್ಲಿ ಊರವರೊಳಗೆ 30 ಸಾವಿರಕ್ಕೂ ಮಿಕ್ಕಿದವರು ತೋಳೊಡ್ಡಿ ಒಂದು ಹೊಸ ಮದ್ದನ್ನು ಚುಚ್ಚಿಸಿಕೊಂಡರು. ಆ ಮದ್ದನ್ನು ಸಿದ್ಧಮಾಡಿದವರ ವೃತ್ತಾಂತವನ್ನು ಈ ಸಾರಿ ಬರೆಯುತ್ತೇವೆ.

ವಾಲ್ಡೆಮಾರ್ ಹಾಫ್ಕಿನ್ ಎಂಬವರು 1860ರಲ್ಲಿ ಆಗಿನ ರಷ್ಯ ರಾಜ್ಯದ ಒಡೆಸ್ಸಾ ಪಟ್ಟಣದಲ್ಲಿ ಯೆಹೂದ್ಯ ಮನೆತನದಲ್ಲಿ ಹುಟ್ಟಿದರು. ಪ್ರಾಣಿಶಾಸ್ತ್ರದಲ್ಲಿ ಪ್ರವೀಣರಾದರೂ ಯೆಹೂದ್ಯರಾದ ಕಾರಣ ಅಲ್ಲಿ ಅಧ್ಯಾಪಕರಾಗಲು ಆಗಲಿಲ್ಲ. ಆ ದೇಶದ ಸಭೆಯನ್ನು ಸೇರಿದ್ದರೆ ಕೆಲಸ ಸಿಕ್ಕುತ್ತಿತ್ತು, ಇವರು ಒಪ್ಪಲಿಲ್ಲ. ಉದ್ಯೋಗಕ್ಕೋಸ್ಕರ ದೀಕ್ಷಾಸ್ನಾನ ಹೊಂದುವವನಿಗಿಂತ ಇಂಥವನೇ ಮೇಲೆಂದು ನಮಗೆ ತೋರುತ್ತದೆ.

ತರುವಾಯ ಪ್ಯಾರಿಸಿನಲ್ಲಿ ಪಾಸ್ತರ್ ಪಂಡಿತರ ಸಂಸ್ಥೆಯನ್ನು ಸೇರಿ, ವಾಂತಿಭೇದಿ ಬೇನೆಗೆ ಮದ್ದನ್ನು ಹುಡುಕಿದರು. ಮೊದಲು ಗಿನಿಯಿಲಿ, ಮೊಲಗಳ ಮೇಲೆ ಪರೀಕ್ಷಿಸಿ, 1892ರ ಜುಲೈ 18ರಂದು ತಮಗೇ ಚುಚ್ಚಿಕೊಂಡರು. ಮರುವರುಷ ಹಿಂದೂಸ್ಥಾನಕ್ಕೆ ಬಂದು ಸಾವಿರಾರು ಜನರಿಗೆ ಅದನ್ನು ಹಾಕಿದರು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಸರಕಾರವು ಇವರನ್ನು ಕರೆಯಿತು. ಒಂದು ಚಿಕ್ಕ ಕೋಣೆ, ಒಬ್ಬ ಗುಮಾಸ್ತ, ಮೂವರು ಸಿಪಾಯಿಗಳು. ಇಷ್ಟೇ ಇವರಿಗಿದ್ದ ಅನುಕೂಲ. ಮಾಂಸರಸದ ಮೇಲೆ ತುಪ್ಪದ ಹನಿಗಳನ್ನು ತೇಲಬಿಟ್ಟರೆ, ಪ್ಲೇಗಿನ ಕ್ರಿಮಿಗಳು ಆ ಹನಿಗಳಿಂದ ಬಿಳಲುಗಳಂತೆ ಕೆಳಗಿಳಿದು ಬೆಳೆಯುವವು. ಅವುಗಳನ್ನು ಕಾಯಿಸಿ ಕೊಂದು ಮದ್ದುಮಾಡಿದರು. ಸತ್ತ ಕ್ರಿಮಿಯು ಬೇನೆಯನ್ನು ತರಲಾರದು. ಆದರೆ ಶರೀರವು ಅದರ ಗುರುತು ಹಿಡಿದು, ಜೀವವುಳ್ಳ ಕ್ರಿಮಿಯು ಬಂದಾಗ ಎದುರಿಸಲು ಸಿದ್ಧವಾಗಿರುವದು. 1897ರ ಜನವರಿ 10ರಂದು ಈ ಮದ್ದನ್ನೂ ಮೊದಲು ತಮಗೇ ಚುಚ್ಚಿಸಿಕೊಂಡು ಜ್ವರದಿಂದ ನರಳಿದರು. ಅನಂತರವೇ ಭಾಯಖಳಾ ಸೆರೆಮನೆಯಲ್ಲಿ ಒಪ್ಪಿಕೊಂಡ ಕೈದಿಗಳಿಗೆ ಹಾಕಿದರು.

ಹುಬ್ಬಳ್ಳಿಯಲ್ಲಿ ಲ್ಯೂಮನ್ ಎಂಬ ವೈದ್ಯಾಧಿಕಾರಿಯು ಈ ಕೆಲಸವನ್ನು ನಡಿಸಿದನು. ಚುಚ್ಚಿಸಿಕೊಂಡವರೆಲ್ಲರೂ ಬದುಕಿದರೆಂದು ನಾವು ಹೇಳುವದಿಲ್ಲ. ಆದರೆ ಅವರೊಳಗೆ ಮರಣಗಳು ಬಹಳ ಕಡಿಮೆಯಾದವು. ಸರಕಾರದವರು ವಿಷ ಹಾಕುತ್ತಾರೆಂಬ ಸುಳ್ಳುಸುದ್ದಿಗಳು ದೇಶದಲ್ಲೆಲ್ಲಾ ಹಬ್ಬಿದ್ದ ಆ ಕಾಲದಲ್ಲಿ ತೋಳೊಡ್ಡುವದು ಸಣ್ಣ ಮಾತಲ್ಲ. ಆ ಸಾವಿರಾರು ಜನರ ಹೆಸರುಗಳನ್ನು ಯಾವ ಪುಸ್ತಕವೂ ಕೊಂಡಾಡುವದಿಲ್ಲ.

ಇಷ್ಟಾದ ಮೇಲೆ ಹಾಫ್ಕಿನ್ ಸಾಹೇಬರ ಮೇಲೆ ಘೋರವಾದ ಅಪವಾದ ಬಂತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ ಹಳ್ಳಿಯಲ್ಲಿ 107 ಜನರಿಗೆ ಮದ್ದು ಹಾಕಲಾಗಿ, ಅವರೊಳಗೆ ಒಂದೇ ಸೀಸೆಯ ಮದ್ದು ಹೊಂದಿದ 19 ಮಂದಿ ಧನುರ್ವಾಯುವಿನಿಂದ ಸತ್ತರು. ವಿಚಾರಣೆಯವರು ತಪ್ಪು ಪ್ರಯೋಗಶಾಲೆಯದೆಂದರು. ಇವರನ್ನು ಕೆಲಸದಿಂದ ನಿಲ್ಲಿಸಲಾಯಿತು. ಆದರೆ ಆ ಹಳ್ಳಿಯಲ್ಲಿ ಸೀಸೆಯ ಬಿರಡೆಯನ್ನು ತೆಗೆಯುವಾಗ ಚಿಮಟವು ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಮಾಡದೆ ಪುನಃ ಉಪಯೋಗಿಸಿದ್ದರು. ಧನುರ್ವಾಯುವಿನ ಕ್ರಿಮಿಯು ಮಣ್ಣಿನಲ್ಲಿರುವದೆಂದು ನಮ್ಮ ಒಕ್ಕಲಿಗರೂ ಬಲ್ಲರು. ಮಲೇರಿಯಾ ಜ್ವರದ ಶೋಧಕರಾದ ರೋಸ್ ಸಾಹೇಬರು ಮುಂತಾದ ಪಂಡಿತರು ಇವರ ಪಕ್ಷವಾಗಿ ಪತ್ರಿಕೆಯಲ್ಲಿ ಬರೆದ ಮೇಲೆ, 1907ರಲ್ಲಿ ಇವರು ನಿರಪರಾಧಿಗಳೆಂದು ಗೊತ್ತಾಯಿತು. ಐದು ವರುಷಗಳು ಕಳೆದಿದ್ದವು. ಕಲಕತ್ತೆಯಲ್ಲಿ ಕೆಲಸ ದೊರಕಿತು. ತಾವೇ ಸ್ಥಾಪಿಸಿದ ಮುಂಬಯಿಯ ಪ್ರಯೋಗಶಾಲೆಯ ಅಧಿಕಾರವು ಮಾತ್ರ ಮರಳಿ ಸಿಕ್ಕಲಿಲ್ಲ.

1925ರಲ್ಲಿ ಆ ಪ್ರಯೋಗಶಾಲೆಗೆ ಇವರ ಹೆಸರನ್ನೇ ಇಟ್ಟರು. ಮದುವೆಯಿಲ್ಲದೆ ಬಾಳಿದ ಸಾಹೇಬರು ತಮ್ಮ ಆಸ್ತಿಯನ್ನು ಯೆಹೂದ್ಯರ ಧರ್ಮಶಾಲೆಗಳ ವಿದ್ಯಾರ್ಥಿಗಳಿಗೆ ಬರೆದಿಟ್ಟು, 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ ತೀರಿಕೊಂಡರು.